ಹುಳಿ ಆದ ಮೇಲಿನ ಚೆಂಡು

ಹೋದ ತಿಂಗಳು ನರಸಿಂಹರಾಜಪುರದಲ್ಲಿ ಗೆಳತಿ ಸುಮಿತ್ರಳ ಹೊಸ ಮನೆಯ ಗೃಹಪ್ರವೇಶ. ಅಂಗಳಕ್ಕೆ ಶಾಮಿಯಾನ ಹಾಕಿ ಎದುರುಬದುರಾಗಿ ಎರಡು ಸಾಲು ಮೇಜು ಇಟ್ಟಿದ್ದರು. ಸಾರು ಬಂತು, ಹುಳಿ ಬಂತು. ಆಮೇಲೆ ಶುಂಠಿ, ಇಂಗಿನ ಒಗ್ಗರಣೆಯ ವಾಸನೆ ಬಂತು. ತಲೆ ಎತ್ತಿ ನೋಡಿದರೆ ಬಡಿಸುವವನೊಬ್ಬ ಸ್ಟೀಲ್ ಬಕೆಟ್ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದ. ಬಕೆಟ್ಟಿನಲ್ಲಿದ್ದದ್ದು ಮಜ್ಜಿಗೆ. ಪಾಯಸ ಇನ್ನೂ ಬಂದಿರಲಿಲ್ಲ.

ನೀವು ನಮ್ಮ ಕಡೆ ಉಂಡವರಾದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಸಾಲಿಗೆ ಸಾಲೇ ಕೈ ಎತ್ತಿ ನಿಲ್ಲಿಸಿತು. ಮಜ್ಜಿಗೆ ಎಂದರೆ ಊಟ ಮುಗಿಯಿತು ಎಂದು ಅರ್ಥ. ಪಾಯಸ ಬಾರದೆ ಊಟ ಮುಗಿಯುವುದಿಲ್ಲ.

"ಪಾಯಸ ಎಲ್ಲಿ ಮಾರಾಯ?" ಎಂದು ಒಬ್ಬರು ಕೇಳಿದರು.

"ಗ್ಯಾಸ್ ಮುಗೀತು. ಸಿಲಿಂಡರ್ ಬದಲಿಸ್ತಾ ಇದ್ದಾರೆ. ಅಷ್ಟರೊಳಗೆ ಇದಾದ್ರೂ ಆಗ್ಲಿ ಅಂತ" ಎಂದ ಅವನು.

ಬೇಡ ಎನ್ನುವುದು ಮರ್ಯಾದೆಯಲ್ಲ, ಹಾಕು ಎನ್ನುವುದು ಸಾಧ್ಯವಿಲ್ಲ. ಅಷ್ಟರಲ್ಲಿ ನನ್ನ ಬಲಗೈ ಎಲೆಯಿಂದ ಎದ್ದು, ಮೇಜಿನ ಕೆಳಗೆ ಇಳಿದು, ಎರಡು ಮೊಣಕಾಲುಗಳ ನಡುವೆ ನಾಲ್ಕು ಬೆರಳು ಚಾಚಿತು. ನಾನು ಹೇಳಿ ಮಾಡಿಸಿದ್ದಲ್ಲ. ಸೀರೆಗೆ ಹುಳಿ ಮೆತ್ತಿದ ಮೇಲೆ ನನಗೆ ತಿಳಿಯಿತು. ಎದುರಿನ ಸಾಲಿನಲ್ಲಿ ನಮ್ಮ ಹೈಸ್ಕೂಲಿನ ಸೀತಾರಾಮ ಸರ್ ಕೂತಿದ್ದರು. ಎದುರು ಕೂತವರಿಗೆ ಮೇಜಿನ ಕೆಳಗೆಲ್ಲ ಕಾಣುತ್ತದೆ.

ಈ ನಾಲ್ಕು ಬೆರಳಿನ ವಿಷಯ ಹೇಳಲು ನಾನು ಸ್ವಲ್ಪ ಹಿಂದೆ ಹೋಗಬೇಕು. ಬಡಿಸುವವನು ಅಲ್ಲಿಯೇ ನಿಂತಿರಲಿ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಕೊಪ್ಪದ ನಮ್ಮ ಹೈಸ್ಕೂಲಿಗೆ ಎಲ್ಲಿಂದಲೋ ಒಂದು ಮೂಟೆ ಬಂತು. ಅದರಲ್ಲಿ ಎರಡು ಬ್ಯಾಟು, ಕೆಲವು ದಪ್ಪ ಚೆಂಡು, ಕೈಗವಸುಗಳು, ಮತ್ತು ಪಟ್ಟಿ ಇಲ್ಲದ ಒಂದು ಮುಖದ ಜಾಲರಿ. ಆಟದ ಹೆಸರು ಸಾಫ್ಟ್‌ಬಾಲ್ ಎಂದರು. ಹೆಸರಿನಲ್ಲಿ ಮೆತ್ತಗೆ ಇದೆ, ಚೆಂಡಿನಲ್ಲಿ ಇರಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಸೀತಾರಾಮ ಸರ್ ಒಂದು ವಾರದ ತರಬೇತಿಗೆ ಹೋಗಿ, ನಿಯಮಗಳ ಜೆರಾಕ್ಸ್ ಪ್ರತಿಯೊಂದನ್ನು ತಂದು, ಹುಡುಗಿಯರ ತಂಡ ಕಟ್ಟಿದರು. ನನ್ನನ್ನು ಕ್ಯಾಚರ್ ಮಾಡಿದರು. ಕಾರಣ ಕೇಳಿದ್ದಕ್ಕೆ, "ನಿನಗೆ ಕುಕ್ಕುರುಗಾಲಲ್ಲಿ ತುಂಬ ಹೊತ್ತು ಕೂರ್ಲಿಕ್ಕೆ ಬತ್ತದೆ" ಎಂದರು. ಬೇರೆ ಅರ್ಹತೆ ಅವರಿಗೆ ಕಂಡಿರಲಿಲ್ಲ. ಜಾಲರಿಯನ್ನು ನಾನು ಜಡೆಯ ನೀಲಿ ರಿಬ್ಬನ್ನಿನಿಂದ ಕಟ್ಟಿಕೊಳ್ಳುತ್ತಿದ್ದೆ.

ಕ್ಯಾಚರ್ ಕೂರುವುದು ಬ್ಯಾಟ್ ಹಿಡಿದವಳ ಹಿಂದೆ. ಮೈದಾನದಲ್ಲಿ ನಮ್ಮವರೆಲ್ಲ ಒಂದು ಕಡೆಗೆ ಮುಖ ಮಾಡಿರುತ್ತಾರೆ, ಕ್ಯಾಚರ್ ಒಬ್ಬಳು ಎದುರು ಕಡೆಗೆ. ಆದ್ದರಿಂದ ಎಲ್ಲವನ್ನೂ ನೋಡುವವಳು ಅವಳೇ. ನೋಡುವುದು ಒಳ್ಳೆಯದೇ ಎಂದು ಆಗ ಅಂದುಕೊಂಡಿದ್ದೆ.

ಚೆಂಡು ಎಸೆಯುವವಳು ಸುಮಿತ್ರ. ಕಡಹಿನಬೈಲಿನವಳು, ಕೊಪ್ಪದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಈ ಆಟದಲ್ಲಿ ಕೈಯನ್ನು ಕೆಳಗಿನಿಂದ ಒಂದು ಸುತ್ತು ಸುತ್ತಿ ಎಸೆಯಬೇಕು. ಸುಮಿತ್ರ ಸುತ್ತಿದರೆ ಕೈ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ, ಚೆಂಡು ಮಾತ್ರ ನನ್ನ ಕೈಗವಸಿನಲ್ಲಿ ಇರುತ್ತಿತ್ತು. ಬೆಳಿಗ್ಗೆ ಎದ್ದವಳೇ ಮಾವನ ಕೊಟ್ಟಿಗೆಯ ಗೋಡೆಗೆ ಎಸೆದು ಅಭ್ಯಾಸ ಮಾಡುತ್ತಿದ್ದಳು. ದನಗಳು ಹಾಲು ಕಡಿಮೆ ಕೊಡುತ್ತಿವೆ ಎಂಬ ದೂರು ಆ ಮನೆಯಲ್ಲಿತ್ತು.

ಮಾವ ಕೆಟ್ಟವರಲ್ಲ. ಅವರ ಗೋಡೆಯ ಗಾರೆ ಉದುರುತ್ತಿತ್ತು, ಸೋದರಸೊಸೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು. ಅವರು ನನ್ನ ಎದುರಿಗೇ ತೀರ್ಮಾನ ಹೇಳಿದರು: "ನೋಡು ಕೂಸೇ, ಮೂರು ತಾಲ್ಲೂಕಿನ ಮ್ಯಾಚ್ ಇದೆಯಂತಲ್ಲ, ಗೆದ್ದರೆ ಚಿಕ್ಕಮಗಳೂರಿಗೆ ನಾನೇ ಬಸ್ಸು ಹತ್ತಿಸ್ತೆ. ಮುಂದೂ ಆಡು. ಸೋತರೆ ಚೆಂಡು ಶಾಲೆಗೆ ವಾಪಸ್. ಆಮೇಲೆ ಮುಖ ಊದಿಸ್ಲಿಕ್ಕಿಲ್ಲ."

ಸುಮಿತ್ರ "ಆಯ್ತು ಮಾವ" ಎಂದಳು. ಆ ರಾತ್ರಿಯಿಂದ ಚೆಂಡನ್ನು ಪಾಟೀಚೀಲದಲ್ಲಿ ಪುಸ್ತಕಗಳ ಕೆಳಗೆ ಇಡತೊಡಗಿದಳು, ಯಾರೋ ಆಗಲೇ ಕೇಳಲು ಬರುತ್ತಾರೆ ಎನ್ನುವ ಹಾಗೆ.

ಈಗ ಸೀತಾರಾಮ ಸರ್ ವಿಷಯ. ಅವರ ಮನೆತನ ಅಡುಗೆಯದು. ತಂದೆ, ದೊಡ್ಡಪ್ಪ ಎಲ್ಲರೂ ಮದುವೆ ಮುಂಜಿಗಳಿಗೆ ಅಡುಗೆ ಮಾಡಿದವರು. ಸರ್ ಮಾತ್ರ ಸರ್ಕಾರಿ ನೌಕರಿ ಹಿಡಿದಿದ್ದರು. ಆದರೂ ಭಾನುವಾರ, ರಜೆ ಬಂತೆಂದರೆ ಪಂಚೆ ಎತ್ತಿ ಕಟ್ಟಿ ಬಡಿಸಲು ಹೋಗುತ್ತಿದ್ದರು. ಕೊಪ್ಪದಿಂದ ಶೃಂಗೇರಿಯವರೆಗೆ ಅವರ ಕೈಯಲ್ಲಿ ಹುಳಿ ಹಾಕಿಸಿಕೊಳ್ಳದವರು ಕಡಿಮೆ. ಬಡಿಸುವಾಗ ಅವರು ಎಲೆ ನೋಡುತ್ತಿರಲಿಲ್ಲ, ಉಣ್ಣುವವರ ಮುಖ ನೋಡುತ್ತಿದ್ದರು. "ಬೇಡ ಅಂತ ಬಾಯಿ ಹೇಳ್ತದೆ, ಕುತ್ತಿಗೆ ಬೇಕು ಅನ್ನುತ್ತೆ" ಎನ್ನುತ್ತಿದ್ದರು. ಮೈದಾನದಲ್ಲಿಯೂ ಅದೇ. "ಬ್ಯಾಟ್ ಸುಳ್ಳು ಹೇಳ್ತದೆ, ಕಾಲು ಹೇಳುದಿಲ್ಲ. ನೀ ಕೆಳಗೆ ಕೂತವಳು, ಅವಳ ಕಾಲು ನೋಡು."

ಆಟದಲ್ಲಿ ಯಾವ ಚೆಂಡು ಎಸೆಯಬೇಕೆಂದು ತರಬೇತುದಾರ ಹೊರಗಿನಿಂದ ಹೇಳಬಹುದು. ಅವರು ಸಂಜ್ಞೆ ಮಾಡುತ್ತಾರೆ, ಕ್ಯಾಚರ್ ಅದನ್ನು ನೋಡಿ ಮೊಣಕಾಲ ನಡುವೆ ಬೆರಳು ತೋರಿಸುತ್ತಾಳೆ, ಎಸೆಯುವವಳು ಎಸೆಯುತ್ತಾಳೆ. ಸುಮಿತ್ರಳಿಗೆ ನಾಲ್ಕು ಬಗೆಯ ಚೆಂಡು ಬರುತ್ತಿತ್ತು. ಜೆರಾಕ್ಸಿನ ಇಂಗ್ಲಿಷ್ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಸರ್ ಅವಕ್ಕೆ ತಾವೇ ನಾಮಕರಣ ಮಾಡಿದರು. ನೇರವಾಗಿ ವೇಗದಲ್ಲಿ ಬರುವುದು ಸಾರು, ಏಕೆಂದರೆ ಸಾರು ಎಲೆಯ ಮೇಲೆ ಓಡಬೇಕು. ಹೊರ ಅಂಚಿನಲ್ಲಿ ಬರುವುದು ಹುಳಿ, ಅನ್ನದ ಮೇಲಲ್ಲ, ಪಕ್ಕಕ್ಕೆ. ವೇಗದ ಕೈ ತೋರಿಸಿ ನಿಧಾನ ಬರುವುದು ಪಾಯಸ, ಅವಸರ ಮಾಡಿದವನಿಗೆ ನಾಲಿಗೆ ಸುಡುತ್ತದೆ. ಹತ್ತಿರ ಬಂದು ಕೆಳಗೆ ಇಳಿಯುವುದು ಮಜ್ಜಿಗೆ, ಅಂಗೈಗೆ ಹಾಕಿಸಿಕೊಂಡರೆ ಮೊಣಕೈಗೆ ಇಳಿಯುವ ಹಾಗೆ. ಒಂದು, ಎರಡು, ಮೂರು, ನಾಲ್ಕು ಬೆರಳು.

ಸಂಜ್ಞೆಯ ಗುಟ್ಟಿನ ಬಗ್ಗೆ ಸರ್ ಬಹಳ ಎಚ್ಚರ. ಒಂದು ಮ್ಯಾಚಿನಲ್ಲಿ ಕಿವಿ ಮುಟ್ಟಿದರೆ ಸಾರು, ಇನ್ನೊಂದರಲ್ಲಿ ಅದೇ ಕಿವಿ ಮಜ್ಜಿಗೆ. ಕನ್ನಡಕ ತೆಗೆಯುವುದು, ಪಂಚೆಯ ಅಂಚು ಕೊಡವುವುದು, ಕೆಮ್ಮುವುದು. ಪ್ರತಿ ಸಲ ಹೊಸದು. ಒಮ್ಮೆ ಸರ್‌ಗೆ ನಿಜವಾಗಿ ಕೆಮ್ಮು ಬಂದು, ಸುಮಿತ್ರ ಬ್ಯಾಟ್ ಹಿಡಿದ ಒಬ್ಬಳಿಗೇ ಮೇಲಿಂದ ಮೇಲೆ ಹುಳಿ ಹಾಕಿದಳು.

ಗುಟ್ಟನ್ನು ಹೀಗೆ ಕಾಪಾಡಿದ ಸರ್ ಕ್ರಮವನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡಿದರು. ಬ್ಯಾಟ್ ಹಿಡಿದು ಯಾರೇ ಬರಲಿ, ಮೊದಲು ಸಾರು. ಆಮೇಲೆ ಹುಳಿ. ಆಮೇಲೆ ಪಾಯಸ. ಕೊನೆಗೆ ಮಜ್ಜಿಗೆ. ಕೇಳಿದಂತೆ ಕಂಡರೆ ಇನ್ನೊಂದು ಸಲ ಸಾರು ಬಡಿಸಬಹುದು, ಅದು ಉಪಚಾರ. ಆದರೆ ಹುಳಿ ಬಂದ ಮೇಲೆ ಸಾರಿನ ಪಾತ್ರೆ ಒಳಗೆ ಹೋಯಿತು ಎಂದೇ ಲೆಕ್ಕ. ಮುಂದಿನವಳು ಬಂದರೆ ಹೊಸ ಎಲೆ, ಮತ್ತೆ ಸಾರಿನಿಂದ. ಇದು ತಂತ್ರ ಎಂದು ಅವರು ಯಾವತ್ತೂ ಹೇಳಲಿಲ್ಲ. ಬಲಗಾಲು ಆದ ಮೇಲೆ ಎಡಗಾಲು ಇಡುವುದನ್ನು ಯಾರೂ ತಂತ್ರ ಎನ್ನುವುದಿಲ್ಲವಷ್ಟೆ. ನಮಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ನಾವೂ ಅದೇ ಎಲೆಯಲ್ಲಿ ಉಂಡವರು.

ಮೂರು ತಾಲ್ಲೂಕಿಗೆ ಮೂರೇ ತಂಡ. ಆಟ ನಡೆದದ್ದು ಶೃಂಗೇರಿಯ ಒಂದು ಶಾಲೆಯ ಮೈದಾನದಲ್ಲಿ. ಬೆಳಿಗ್ಗೆ ನಾವು ನರಸಿಂಹರಾಜಪುರದವರ ಮೇಲೆ ಆಡಿ ಸುಲಭವಾಗಿ ಗೆದ್ದೆವು. ಅವರ ತಂಡದಲ್ಲಿ ಬಾಳೆಹೊನ್ನೂರು ಕಡೆಯ ಹುಡುಗಿಯರು ಹೆಚ್ಚು. ಅವರ ಮನೆಗಳ ಊಟದಲ್ಲಿ ಸಿಹಿ ಮೊದಲೇ ಬಂದುಬಿಡುತ್ತದೆ, ಪಾಯಸಕ್ಕೆ ಕಾದು ಕೂರುವ ಅಭ್ಯಾಸ ಅವರಿಗಿರಲಿಲ್ಲ. ಸುಮಿತ್ರಳ ನಿಧಾನದ ಚೆಂಡು ಬರುವಷ್ಟರಲ್ಲಿ ಅವರು ಬ್ಯಾಟ್ ಬೀಸಿ ಮುಗಿಸಿರುತ್ತಿದ್ದರು. ಪ್ರತಿ ಸಲವೂ ನಮ್ಮವರು ಮೈದಾನದ ಮೂಲೆಮೂಲೆಯಿಂದ ಕೂಗಿದರು: "ಪಾಯಸ ಫಸ್ಟ್ ಕ್ಲಾಸ್ ಕಣೇ ಸುಮೀ!" "ಹುಳಿ ಇನ್ನೊಂಚೂರು ಆ ಕಡೆ!" ಎಸೆದಾದ ಚೆಂಡಿನ ಹೆಸರು ಹೇಳಿದರೆ ಗುಟ್ಟು ಹೇಗೆ ಹೋಗುತ್ತದೆ? ಸರ್ ಕೂಡ ಹಾಗೇ ಅಂದುಕೊಂಡಿದ್ದರು.

ಶೃಂಗೇರಿಯ ಹುಡುಗಿಯರು ಕಟ್ಟೆಯ ಮೇಲೆ ಸಾಲಾಗಿ ಕೂತು ಕಡಲೆ ತಿನ್ನುತ್ತ ಇದನ್ನೆಲ್ಲ ಕೇಳುತ್ತಿದ್ದರು. ನಾನು ಅವರನ್ನು ನೋಡಿದ್ದೆ. ಕಡಲೆಯನ್ನೂ ನೋಡಿದ್ದೆ.

ಮಧ್ಯಾಹ್ನ ಅವರ ಮೇಲೆ ಆಟ. ಮೊದಲ ಸುತ್ತಿನಲ್ಲಿ ಅವರು ಹೊಡೆಯಲು ಹೋಗಲೇ ಇಲ್ಲ, ನೋಡಿದರು ಅಷ್ಟೆ. ಎರಡನೇ ಸುತ್ತಿನಲ್ಲಿ ಸಾರು ಬಿಟ್ಟರು, ಹುಳಿ ಬಿಟ್ಟರು, ಪಾಯಸ ಬಂದಾಗ ಒಬ್ಬಳಾದ ಮೇಲೆ ಒಬ್ಬಳು ಹೊಡೆದರು. ಸರ್ ಹುಬ್ಬು ಗಂಟಿಕ್ಕಿ ಸಂಜ್ಞೆ ಬದಲಿಸಿದರು. ಕಿವಿ ಹೋಗಿ ಮೂಗು ಬಂತು. ಅವರು ಮತ್ತೂ ಹೊಡೆದರು. ಸರ್ ತಮ್ಮ ಬೆನ್ನ ಹಿಂದೆ ಯಾರಾದರೂ ಗೂಢಚಾರರಿದ್ದಾರೋ ಎಂದು ಹಿಂತಿರುಗಿ ನೋಡಿದರು. ಅಲ್ಲಿ ಒಂದು ಕರು ಇತ್ತು.

ಆಗ ಬಂದವಳು ವಸುಧಾ. ಎತ್ತರದ ಹುಡುಗಿ, ಎರಡು ಜಡೆ ಮಡಚಿ ಕಟ್ಟಿದವಳು, ಅವರಲ್ಲಿ ಎಲ್ಲರಿಗಿಂತ ಗಟ್ಟಿ. ಸಾರು ಬಿಟ್ಟಳು. ಹುಳಿ ಬಿಟ್ಟಳು. ಸರ್ ಮೂಗು ಮುಟ್ಟಿದರು, ನಾನು ಮೂರು ಬೆರಳು ತೋರಿಸಿದೆ, ಸುಮಿತ್ರ ಕೈ ಸುತ್ತಲು ಶುರುಮಾಡಿದಳು. ಆಗ ನನ್ನ ತಲೆಯ ಮೇಲಿನಿಂದ ವಸುಧಾ ಮೆತ್ತಗೆ, ಊಟಕ್ಕೆ ಪಕ್ಕದಲ್ಲಿ ಕೂತವಳು ಕೇಳುವ ಹಾಗೆ ಕೇಳಿದಳು:

"ಈಗ ಪಾಯಸ ಅಲ್ದನೇ?"

ಮುಂದಿನದನ್ನು ನಾನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ಚೆಂಡು ಸುಮಿತ್ರಳ ಕೈ ಬಿಟ್ಟಿತು. ವಸುಧಾ ಕಾದಳು. ಬ್ಯಾಟು ಬಂತು. ಚೆಂಡು ಬಂದ ದಾರಿಯಲ್ಲೇ ವಾಪಸು ಹೋಗಿ ಸುಮಿತ್ರಳ ಬಾಯಿಗೆ ಬಡಿಯಿತು. ಸದ್ದು ದೊಡ್ಡದಲ್ಲ, ಮಣೆಯ ಮೇಲೆ ತೆಂಗಿನಕಾಯಿ ಇಟ್ಟಷ್ಟು. ಚೆಂಡು ಅವಳ ಕಾಲ ಬುಡದಲ್ಲಿ ಬಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡು, ಹೊಡೆದವಳು ಓಡಿ ಮುಟ್ಟಬೇಕಾದ ಮೊದಲನೇ ಬೇಸ್‌ನಲ್ಲಿ ನಿಂತಿದ್ದ ನಮ್ಮವಳಿಗೆ ಎಸೆದಳು. ಅಂಪೈರ್ ಔಟ್ ಎಂದರು. ಆಮೇಲೆ ಸುಮಿತ್ರ ಮಂಡಿಯೂರಿದಳು. ರಕ್ತ ಕೊನೆಗೆ ಬಂತು. ಬ್ಯಾಟ್ ಕೆಳಗಿಟ್ಟು ಅವಳ ಹತ್ತಿರ ಮೊದಲು ಓಡಿದವಳು ವಸುಧಾ. ನಾನು ಎರಡನೆಯವಳು. ಜಾಲರಿಯ ರಿಬ್ಬನ್ ಗಂಟು ಬಿಚ್ಚಲು ಬಾರದೆ ಜಾಲರಿಯೊಂದಿಗೇ ಓಡಿದೆ.

ಕೆಳತುಟಿ ಸೀಳಿತ್ತು, ಒಂದು ಹಲ್ಲು ಅಲ್ಲಾಡುತ್ತಿತ್ತು. ಐಸ್ ಬೇಕು ಎಂದರು. ಮೈದಾನದ ಬಾಗಿಲಲ್ಲಿ ಐಸ್‌ಕ್ಯಾಂಡಿಯವನ ಸೈಕಲ್ ಇತ್ತು. ಕೆಂಪು ಕ್ಯಾಂಡಿ ತಂದು ತುಟಿಗೆ ಒತ್ತಿದೆವು. ಸ್ವಲ್ಪ ಹೊತ್ತಿನಲ್ಲಿ ಯಾವುದು ಬಣ್ಣ ಯಾವುದು ರಕ್ತ ಎಂದು ಹೇಳಲು ಬಾರದಂತಾಯಿತು.

"ಸಾಕು. ಕೂಸಿನ ಮುಖಕ್ಕಿಂತ ಮ್ಯಾಚ್ ದೊಡ್ಡದಲ್ಲ. ಬಿಟ್ಟು ಹೋಗುವ" ಎಂದರು ಸರ್.

"ನಾ ಆಡ್ತೆ ಸರ್" ಎಂದಳು ಸುಮಿತ್ರ ಕ್ಯಾಂಡಿಯ ಹಿಂದಿನಿಂದ. "ಬಿಟ್ಟು ಹೋದ್ರೆ ಸೋತ ಹಾಗೆ. ಸೋತರೆ ಚೆಂಡು ಕೊಡ್ಬೇಕು."

ನಾನು ವಸುಧಾ ಹೇಳಿದ್ದನ್ನು ಸರ್‌ಗೆ ತಿಳಿಸಿದೆ. "ಅವರು ಸಂಜ್ಞೆ ಕದ್ದಿಲ್ಲ ಸರ್. ಅವರಿಗೆ ಊಟದ ಕ್ರಮ ಗೊತ್ತು."

ಸರ್ ನನ್ನನ್ನೇ ನೋಡಿದರು. "ಯಾರಿಗೆ ಗೊತ್ತಿಲ್ಲ ಹೇಳು?" ಎಂದರು. ಹಾಗೆಂದವರು ಅಲ್ಲಿಗೇ ನಿಂತರು. ತಾವು ಹೇಳಿದ ಮಾತು ಅವರಿಗೇ ಒಂದು ಸುತ್ತು ಬಂದು ತಲುಪಿದ್ದನ್ನು ನಾನು ನೋಡಿದೆ.

"ಕ್ರಮ ಬಿಡುವ ಸರ್" ಎಂದೆ.

"ಬಿಟ್ಟು? ಮಜ್ಜಿಗೆ ಮೊದಲು ಬಡಿಸುದಾ? ಎಂತ ಮಾತಾಡ್ತೀ ಮಾರಾಯ್ತಿ. ಪಂಕ್ತಿ ಎದ್ದು ಹೋಗ್ತದೆ."

ಸುಮಿತ್ರ ಕ್ಯಾಂಡಿ ತೆಗೆದಳು. "ಎದ್ದು ಹೋಗ್ಲಿ ಸರ್. ನಮಗೆ ಅದೇ ಅಲ್ದ ಬೇಕಾದ್ದು?"

ಆಟದ ತಂತ್ರದ ಬಗ್ಗೆ ಆಮೇಲೆ ನಾನು ಬೇಕಾದಷ್ಟು ಓದಿದ್ದೇನೆ. ಬ್ಯಾಟ್ ಹಿಡಿದವಳು ಎಣಿಸಿದ್ದನ್ನು ಕೊಡಬೇಡ, ವೇಗ ಬದಲಿಸು, ಅವಳ ಕೊರತೆಗಿಂತ ನಿನ್ನವಳ ಬಲ ಮುಖ್ಯ, ಎಂದೆಲ್ಲ. ಸುಮಿತ್ರಳ ಈ ಒಂದು ವಾಕ್ಯಕ್ಕಿಂತ ಹೆಚ್ಚಿನದು ಎಲ್ಲಿಯೂ ಸಿಗಲಿಲ್ಲ.

ಸರ್ ಪ್ರಯತ್ನ ಮಾಡಿದರು, ಅದಕ್ಕೆ ನಾನೇ ಸಾಕ್ಷಿ. ಮುಂದಿನವಳಿಗೆ ಮೊದಲು ಮಜ್ಜಿಗೆಯ ಸಂಜ್ಞೆ ಮಾಡಬೇಕು. ಅವರ ಕೈ ಎದ್ದಿತು, ಗಲ್ಲದವರೆಗೆ ಹೋಯಿತು, ಅಲ್ಲಿಂದ ವಾಪಸು ಬಂತು. ಇನ್ನೊಮ್ಮೆ ಎದ್ದಿತು. ಕೊನೆಗೆ ನನ್ನನ್ನು ಕರೆದು, "ನನ್ನ ಕೈಯಲ್ಲಿ ಆಗುದಿಲ್ಲ. ನೀವೇ ಬಡಿಸಿಕೊಳ್ಳಿ. ನಾ ನೋಡುದಿಲ್ಲ" ಎಂದರು. ಬೆಂಚನ್ನು ಎತ್ತಿ ತಿರುಗಿಸಿ, ಮೈದಾನಕ್ಕೆ ಬೆನ್ನು ಹಾಕಿ, ಕಾಂಪೌಂಡ್ ಗೋಡೆ ನೋಡುತ್ತ ಕೂತರು. ಕರು ಅವರ ಪಕ್ಕಕ್ಕೆ ಬಂದು ನಿಂತಿತು.

ಅಲ್ಲಿಂದ ಮುಂದೆ ನಾವಿಬ್ಬರೇ. ನಾನು ಕಾಲು ನೋಡಿದೆ, ಬೆರಳು ತೋರಿಸಿದೆ. ಮಜ್ಜಿಗೆ, ಸಾರು, ಮತ್ತೆ ಮಜ್ಜಿಗೆ, ಹುಳಿ. ನಮ್ಮ ಹಿರಿಯರು ಕಂಡಿದ್ದರೆ ಅನ್ನ ಬಿಡುತ್ತಿದ್ದರು. ಆದರೆ ಪಾಯಸವನ್ನು ಮಾತ್ರ ನಾನು ಒಮ್ಮೆಯೂ ಕೇಳಲಿಲ್ಲ. ಮೂರು ಬೆರಳು ಚಾಚಲು ಹೋದರೆ ಆ ಸದ್ದು ಕೇಳುತ್ತಿತ್ತು.

ಕೊನೆಯ ಸುತ್ತು ಬಂತು. ನಾವು ಒಂದು ರನ್ ಮುಂದಿದ್ದೆವು. ಅವರಲ್ಲಿ ಇಬ್ಬರು ಔಟಾಗಿದ್ದರು, ಮೂರನೆಯವಳು ಔಟಾದರೆ ಆಟ ನಮ್ಮದು. ಆದರೆ ಇಬ್ಬರು ಬೇಸ್‌ಗಳಲ್ಲಿ ಓಡಲು ತಯಾರಾಗಿ ನಿಂತಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಮುಗಿಯಿತು. ವಸುಧಾ ಬಂದಳು. ಬಂದವಳು ಮೊದಲು ಸುಮಿತ್ರಳ ತುಟಿ ನೋಡಿ, "ನೋವಿದ್ಯನೇ ಅವಳಿಗೆ?" ಎಂದು ನನ್ನನ್ನು ಕೇಳಿದಳು. ಇದೆ ಎಂದೆ. ಆಮೇಲೆ ಬ್ಯಾಟ್ ಎತ್ತಿದಳು.

ಮೊದಲು ಮಜ್ಜಿಗೆ. ಅವಳು ಬೀಸಿದಳು, ಚೆಂಡು ಬ್ಯಾಟಿನ ಕೆಳಗೆ ಇಳಿದು ಹೋಯಿತು. "ಇದೆಂತ ಊಟವೇ ನಿಮ್ಮದು?" ಎಂದಳು.

"ಹಸಿವಿಲ್ದಿದ್ರೆ ಏಳ್ಬಹುದು" ಎಂದೆ. ಧೈರ್ಯವಿದ್ದು ಹೇಳಿದ್ದಲ್ಲ.

ಎರಡನೆಯದು ಸಾರು. ಬ್ಯಾಟಿನ ಅಂಚಿಗೆ ತಾಗಿ ಗೆರೆಯ ಹೊರಗೆ ಹೋಯಿತು. ಇನ್ನೊಂದು ತಪ್ಪಿದರೆ ಅವಳು ಔಟ್. ನಾನು ಎರಡು ಬೆರಳು ತೋರಿಸಿದೆ. ಸುಮಿತ್ರ ತಲೆ ಅಲ್ಲಾಡಿಸಿದಳು. ಒಂದು ತೋರಿಸಿದೆ. ಬೇಡ ಎಂದಳು. ನಾಲ್ಕು. ಅದೂ ಬೇಡ. ಉಳಿದದ್ದು ಒಂದೇ. ಅವಳು ಚೆಂಡನ್ನು ತೊಡೆಗೆ ಒತ್ತಿ ಹಿಡಿದು, ಬಣ್ಣವೋ ರಕ್ತವೋ ತಿಳಿಯದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕಾದಳು. ನಾನು ವಸುಧಾಳ ಕಾಲು ನೋಡಿದೆ. ಮುಂಗಾಲಿನ ಹೆಬ್ಬೆರಳು ಮಣ್ಣು ಕಚ್ಚಿತ್ತು, ಹಿಮ್ಮಡಿ ಆಗಲೇ ಎದ್ದಿತ್ತು. ಅವಳಿಗೆ ಅವಸರವಿತ್ತು. ಕಾಲು ಸುಳ್ಳು ಹೇಳುವುದಿಲ್ಲ.

ಮೂರು ಬೆರಳು ತೋರಿಸಿದೆ.

ಕೈ ಪೂರ್ತಿ ವೇಗದಲ್ಲಿ ಸುತ್ತಿತು. ಮೊದಲು ಬ್ಯಾಟು ಹೋಯಿತು. ಆಮೇಲೆ ಚೆಂಡು ಬಂತು. ಬಂದು, ತಡವಾಗಿ ಬಂದ ನೆಂಟನ ಹಾಗೆ, ನನ್ನ ಕೈಗವಸಿನಲ್ಲಿ ಕೂತಿತು.

ನಮ್ಮವರ ಕೂಗು ಕೇಳಿ ಸರ್ ತಿರುಗಿದರು. ಅಂಪೈರ್ ಕೈ ಎತ್ತಿದ್ದನ್ನು ನೋಡಿದರು. "ಆಯ್ತಾ?" ಎಂದರು. ಆಯ್ತು ಎಂದೆವು. ಕೊಪ್ಪದ ಬಸ್ಸಿನಲ್ಲಿ ಸುಮಿತ್ರಳನ್ನು ಕಿಟಕಿ ಪಕ್ಕ ಕೂರಿಸಿ, ದಾರಿಯುದ್ದಕ್ಕೂ ಅವಳ ಹಲ್ಲಿನ ಬಗ್ಗೆ ವಿಚಾರಿಸಿದರು. ಕೊನೆಯದು ಯಾವ ಚೆಂಡು ಎಂದು ಕೇಳಲಿಲ್ಲ. ನಾವೂ ಹೇಳಲಿಲ್ಲ. ಅವರು ಬೆನ್ನು ಹಾಕಿ ಕೂತದ್ದು ಏಕೆಂದು ನಮಗೆ ಗೊತ್ತಿತ್ತು.

ಮಾವ ಮಾತಿನಂತೆ ಬಸ್ಸು ಹತ್ತಿಸಿದರು. ಚಿಕ್ಕಮಗಳೂರಿನಲ್ಲಿ ನಾವು ಮೊದಲ ಮ್ಯಾಚಿನಲ್ಲೇ ಸೋತೆವು. ಆ ತಂಡದವರಿಗೆ ಯಾವ ಕ್ರಮವೂ ಇರಲಿಲ್ಲ, ಬಂದದ್ದನ್ನೆಲ್ಲ ಹೊಡೆದರು. ಬಫೆ ಊಟದವರು. ಆದರೆ ಮಾವ ಹೊಸ ಕರಾರು ಏನೂ ಹಾಕಿರಲಿಲ್ಲವಾದ್ದರಿಂದ ಸುಮಿತ್ರ ಪಿಯುಸಿ ಮುಗಿಯುವವರೆಗೂ ಆಡಿದಳು. ಕೊಟ್ಟಿಗೆಯ ಗೋಡೆಗೆ ಮಾವ ಒಂದು ಹಳೆಯ ಗೋಣಿ ಕಟ್ಟಿಸಿದರು. ನನಗೆ ಮಾತ್ರ ಇವತ್ತಿಗೂ ಪಂಕ್ತಿಯಲ್ಲಿ ಪಾಯಸದ ಸೌಟು ಹತ್ತಿರ ಬಂದರೆ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಬಡಿಸುವವರು ಬೇಡವೆಂದು ತಿಳಿದು ಮುಂದೆ ಹೋಗಿಬಿಡುತ್ತಾರೆ.

ಈಗ ಶಾಮಿಯಾನದ ಕೆಳಗೆ ವಾಪಸು ಬನ್ನಿ. ಮಜ್ಜಿಗೆಯವನು ನಿಂತೇ ಇದ್ದಾನೆ. ಸರ್ ಎದುರಿನ ಸಾಲಿನಿಂದ ನನ್ನ ನಾಲ್ಕು ಬೆರಳು ನೋಡಿದರು. ಅವರಿಗೆ ವಯಸ್ಸಾಗಿದೆ, ಈಗ ಎಲ್ಲಿಗೂ ಬಡಿಸಲು ಹೋಗುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತ ಸುಮಿತ್ರಳನ್ನು ನೋಡಿದರು. ಅವಳ ಕೆಳತುಟಿಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಗೆರೆ ಈಗಲೂ ಇದೆ. ಆಮೇಲೆ ನನ್ನನ್ನು ಕೇಳಿದರು:

"ಕೂಸೇ, ಅವತ್ತು ಶೃಂಗೇರಿಲಿ ಕೊನೆ ಚೆಂಡು ಎಂತದು ಹಾಕಿದ್ದು?"

"ಪಾಯಸ, ಸರ್."

"ಮಜ್ಜಿಗೆ ಆದ ಮೇಲಾ?"

"ಹೌದು ಸರ್. ಮಜ್ಜಿಗೆ, ಸಾರು, ಆಮೇಲೆ ಪಾಯಸ."

ಅಕ್ಕಪಕ್ಕದವರಿಗೆ ಇದೇನು ಎಂದು ತಿಳಿಯಲಿಲ್ಲ. ಸರ್ ಬಲಗೈಯನ್ನು ತೊನ್ನೆಯಂತೆ ಮಡಚಿ ಮುಂದೆ ಹಿಡಿದರು.

"ಹಾಕು ಮಾರಾಯ. ಎಷ್ಟು ಹೊತ್ತು ನಿಂತ್ಕೊಂಡಿರ್ತೀ?"

ಮಜ್ಜಿಗೆ ಅವರ ಅಂಗೈಗೆ ಬಿತ್ತು, ಮೊಣಕೈಗೆ ಇಳಿಯಿತು. ಸಾಲಿನಲ್ಲಿ ಒಬ್ಬೊಬ್ಬರಾಗಿ ಕೈ ಒಡ್ಡಿದರು. ಯಾರೂ ಎದ್ದು ಹೋಗಲಿಲ್ಲ. ಪಾಯಸ ಆಮೇಲೆ ಬಂತು, ಸುಮಿತ್ರಳೇ ತಂದಳು. ನನ್ನ ಎಲೆಯ ಹತ್ತಿರ ಬಂದಾಗ ಸೌಟು ಹಿಡಿದು ಸುಮ್ಮನೆ ಕಾದಳು.

ಬೆರಳು ಮಡಚಿದ್ದೆ. ಬಿಚ್ಚಿ, ಮೇಜಿನ ಮೇಲೆಯೇ, ಮೂರು ತೋರಿಸಿದೆ.